ಹೆನ್ರಿ ಬೀದಿಯ ದಾದಿಯರು

ಶಾಲೆಯ ಹಾಜರಿ ಪುಸ್ತಕವನ್ನು ಚರಿತ್ರೆಯ ಆಕರಗಳಲ್ಲಿ ಒಂದೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಶಾಸನ, ಕಡತ, ಕೈಫಿಯತ್ತು, ಪ್ರವಾಸಿಗರ ಬರವಣಿಗೆ ಇವುಗಳಿಗೆ ಇರುವ ಗೌರವ ಗೆರೆ ಹಾಕಿದ ಆ ಉದ್ದನೆಯ ಪುಸ್ತಕಕ್ಕೆ ಇಲ್ಲ. ಆದರೆ ಬಾಳಿನ ಬಹುಭಾಗವನ್ನು ಬೆಳಗಿನ ಪ್ರಾರ್ಥನೆ ಮುಗಿದೊಡನೆ ಹೆಸರು ಕೂಗುವುದರಲ್ಲಿಯೇ ಕಳೆದ ನನ್ನಂಥವನಿಗೆ ಅದು ಬಹಳ ಮಾತನಾಡುವ ಪುಸ್ತಕವೆಂದೇ ತೋರುತ್ತದೆ. ಒಂದು ಹೆಸರಿನ ಮುಂದೆ ವಾರಗಟ್ಟಲೆ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದಿದ್ದರೆ ಆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ. ತಾಯಿ ಹಾಸಿಗೆ ಹಿಡಿದಿರಬಹುದು, ಎಳೆಗೂಸನ್ನು ನೋಡಿಕೊಳ್ಳುವವರು ಇಲ್ಲದಿರಬಹುದು, ಮಗುವಿನ ಮೈಮೇಲೆ ಕಜ್ಜಿ ಎದ್ದಿರಬಹುದು. ಪುಸ್ತಕ ಕಾರಣವನ್ನು ಹೇಳುವುದಿಲ್ಲ. ಕಾರಣವಿದೆ ಎಂಬುದನ್ನು ಮಾತ್ರ ಹೇಳುತ್ತದೆ.

ಇಂದು ನಾನು ಬರೆಯಹೊರಟಿರುವುದು ಅಂಥ ಗೈರುಹಾಜರಿಯ ಎರಡು ಅಂಕಿಗಳ ಬಗೆಗೆ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 1902ರ ಸೆಪ್ಟೆಂಬರ್ ತಿಂಗಳಿನಲ್ಲಿ ರೋಗದ ಕಾರಣ ನೀಡಿ ಮಕ್ಕಳನ್ನು ತರಗತಿಯಿಂದ ಹೊರಗೆ ಕಳುಹಿಸಿದ ಪ್ರಕರಣಗಳು 10,567. ಸರಿಯಾಗಿ ಒಂದು ವರ್ಷದ ನಂತರ, 1903ರ ಸೆಪ್ಟೆಂಬರಿನಲ್ಲಿ, ಆ ಸಂಖ್ಯೆ 1,101. ಈ ಒಂದು ವರ್ಷದಲ್ಲಿ ಯಾವ ಹೊಸ ಔಷಧವೂ ಬಂದಿರಲಿಲ್ಲ. ಪೆನಿಸಿಲಿನ್ ಬರಲು ಇನ್ನೂ ಹಲವು ದಶಕಗಳಿದ್ದವು. ಮಕ್ಕಳ ಮನೆಗಳು ವಿಶಾಲವಾಗಿರಲಿಲ್ಲ, ತಂದೆಯರ ಸಂಬಳವೂ ಏರಿರಲಿಲ್ಲ. ಬದಲಾದದ್ದು ಒಂದೇ: ಶಾಲೆಗೂ ಮನೆಗೂ ನಡುವೆ ನಡೆದಾಡುವ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅವಳನ್ನು ಕಳುಹಿಸಿಕೊಟ್ಟದ್ದು ಹೆನ್ರಿ ಬೀದಿಯ ಒಂದು ಮನೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆ ಬೀದಿಯ ಸಮೀಪದಲ್ಲಿಯೇ ಎಷ್ಟೋ ಬಾರಿ ಹಾದುಹೋಗಿರಬಹುದು.

ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಲ್ಲಿ, ಪೂರ್ವದ ನದಿಗೆ ಒತ್ತಿಕೊಂಡಂತೆ ಇರುವ ಭಾಗಕ್ಕೆ ಲೋವರ್ ಈಸ್ಟ್ ಸೈಡ್ ಎಂದು ಹೆಸರು. ಹೊರದೇಶಗಳಿಂದ ಹಡಗಿನಲ್ಲಿ ಬಂದಿಳಿದ ಬಡಜನ ಮೊದಲು ತಲೆಯೂರುತ್ತಿದ್ದುದು ಅಲ್ಲಿ. ಮೊದಲಿಗೆ ಐರಿಷರು, ಜರ್ಮನರು. 1881ರಲ್ಲಿ ರಷ್ಯಾದ ಚಕ್ರವರ್ತಿಯ ಹತ್ಯೆಯಾದ ಮೇಲೆ ಅಲ್ಲಿಯ ಯಹೂದ್ಯರ ಮೇಲೆ ದಾಳಿಗಳು ನಡೆದು, ಪೂರ್ವ ಯುರೋಪಿನಿಂದ ಯಹೂದ್ಯರು ಲಕ್ಷಗಟ್ಟಲೆ ಬರತೊಡಗಿದರು. ಅವರೊಡನೆ ದಕ್ಷಿಣ ಇಟಲಿಯ ರೈತರೂ ಬಂದರು. ಹೀಗಾಗಿ ಒಂದೇ ಬೀದಿಯಲ್ಲಿ ಯಿಡ್ಡಿಷ್, ಇಟಾಲಿಯನ್, ರಷ್ಯನ್, ಜರ್ಮನ್ ಮಾತುಗಳು ಕೇಳುತ್ತಿದ್ದವು. ಶಾಲೆಯ ಮಾತು ಮಾತ್ರ ಇಂಗ್ಲಿಷ್. 1890ರ ಹೊತ್ತಿಗೆ ಇಲ್ಲಿಯ ಹತ್ತನೆಯ ವಾರ್ಡಿನಲ್ಲಿ ಎಕರೆಯೊಂದಕ್ಕೆ 500ಕ್ಕಿಂತ ಹೆಚ್ಚು ಜನ ವಾಸಿಸುತ್ತಿದ್ದರು. ಅದೇ ವರ್ಷ ಜೇಕಬ್ ರೀಸ್ ಎಂಬ ಪತ್ರಕರ್ತ ಈ ಕೇರಿಗಳ ಛಾಯಾಚಿತ್ರಗಳೊಡನೆ ಒಂದು ಪುಸ್ತಕ ಪ್ರಕಟಿಸಿ, ಉಳ್ಳವರ ನಿದ್ದೆಯನ್ನು ಸ್ವಲ್ಪಮಟ್ಟಿಗೆ ಕೆಡಿಸಿದ್ದನು.

ಅಲ್ಲಿಯ ಮನೆಗಳಿಗೆ ಟೆನೆಮೆಂಟ್ ಎನ್ನುತ್ತಿದ್ದರು. ಬೆಂಗಳೂರು, ಮೈಸೂರುಗಳ ಹಳೆಯ ವಠಾರಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ವಠಾರವೊಂದನ್ನು ಎತ್ತಿ ಅದರ ಮೇಲೆ ಅಂಥವೇ ಇನ್ನೂ ನಾಲ್ಕೈದನ್ನು ಪೇರಿಸಿದರೆ ಹೇಗಿರುತ್ತದೋ ಹಾಗೆ. ಮುಂದಿನ ಕಟ್ಟಡದ ಹಿಂದೆ, ಅಂಗಳವೆನ್ನಬಹುದಾದ ಕತ್ತಲೆಯ ಕಿಂಡಿಯಾಚೆ, ಇನ್ನೊಂದು ಕಟ್ಟಡ. ಒಳಕೋಣೆಗಳಿಗೆ ಕಿಟಕಿಯಿಲ್ಲ. ಎಷ್ಟೋ ಕಡೆ ಶೌಚಾಲಯ ಕೆಳಗೆ ಹಿತ್ತಿಲಿನಲ್ಲಿ. ಬಾಡಿಗೆ ಹೊಂದಿಸಲಾಗದೆ ಎರಡು ಕೋಣೆಯ ಸಂಸಾರಗಳೂ ಪರಸ್ಥಳದವರನ್ನು ಮಲಗಲು ಸೇರಿಸಿಕೊಳ್ಳುತ್ತಿದ್ದವು. ಮಲಗುವ ಕೋಣೆಯಲ್ಲಿಯೇ ಹಗಲು ಬಟ್ಟೆ ಹೊಲಿಯುವ ಕೆಲಸ. ಕ್ಷಯ, ಗಂಟಲಮಾರಿ, ಆಮಶಂಕೆಗಳಿಗೆ ಇದಕ್ಕಿಂತ ಅನುಕೂಲವಾದ ಬೀಡು ಬೇಕಿರಲಿಲ್ಲ.

ನಗರದಲ್ಲಿ ವೈದ್ಯರಿರಲಿಲ್ಲವೆಂದಲ್ಲ. ಒಳ್ಳೆಯ ಆಸ್ಪತ್ರೆಗಳಿದ್ದವು, ಧರ್ಮಾರ್ಥ ಚಿಕಿತ್ಸಾಲಯಗಳೂ ಇದ್ದವು. ಆದರೆ ಅಲ್ಲಿಗೆ ಹೋಗಿ ಸರದಿಯಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಹೋದರೂ ತನ್ನ ನೋವನ್ನು ಹೇಳಿಕೊಳ್ಳಲು ಭಾಷೆ ಬರುತ್ತಿರಲಿಲ್ಲ. ಆಸ್ಪತ್ರೆಯೊಳಗೆ ಹೋದವರು ಹೊರಬರುವುದಿಲ್ಲವೆಂಬ ಭಯ ಬೇರೆ. ಇದ್ದದ್ದು ಎಲ್ಲರಿಗೂ ದಕ್ಕುತ್ತಿರಲಿಲ್ಲವೆಂಬುದೇ ಆ ಕೇರಿಯ ಸಂಕಟದ ತಿರುಳು.

ಈ ಕೇರಿಗೆ 1893ರಲ್ಲಿ ಬಂದವರು ಲಿಲಿಯನ್ ವಾಲ್ಡ್. ಹುಟ್ಟಿದ್ದು 1867ರಲ್ಲಿ, ಒಹಾಯೋದ ಸಿನ್ಸಿನಾಟಿಯಲ್ಲಿ; ಬೆಳೆದದ್ದು ನ್ಯೂಯಾರ್ಕ್ ಸಂಸ್ಥಾನದ ರೋಚೆಸ್ಟರಿನಲ್ಲಿ. ಜರ್ಮನ್ ಯಹೂದಿ ಮೂಲದ ಅನುಕೂಲಸ್ಥ ಮನೆತನ. ಹದಿನಾರನೆಯ ವಯಸ್ಸಿನಲ್ಲಿ ವ್ಯಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ವಯಸ್ಸು ಸಾಲದೆಂದು ಅಲ್ಲಿಯವರು ಸೇರಿಸಿಕೊಳ್ಳಲಿಲ್ಲ. (ವಯಸ್ಸಿನ ಕಟ್ಟಳೆಗೆ ಸಿಕ್ಕಿ ವರ್ಷ ಕಳೆದುಕೊಂಡ ಜಾಣ ಹುಡುಗಿಯರನ್ನು ಕಂಡಿರುವ ನನಗೆ ಈ ಸಂಗತಿ ಓದಿದಾಗ ನಗು ಬಂದಿತು.) ನಂತರ ನ್ಯೂಯಾರ್ಕ್ ಆಸ್ಪತ್ರೆಯ ತರಬೇತಿ ಶಾಲೆಯಲ್ಲಿ ದಾದಿಯ ಶಿಕ್ಷಣ ಪಡೆದು 1891ರಲ್ಲಿ ಹೊರಬಂದರು. ಅದು ಸಾಲದೆನಿಸಿ ಮಹಿಳಾ ವೈದ್ಯಕೀಯ ಕಾಲೇಜನ್ನೂ ಸೇರಿದರು. ಅಲ್ಲಿ ಓದುತ್ತಿರುವಾಗಲೇ ವಲಸೆ ಬಂದ ಹೆಂಗಸರಿಗೆ ಮನೆಯಲ್ಲಿ ರೋಗಿಗಳ ಆರೈಕೆ ಮಾಡುವ ಬಗೆಯನ್ನು ಕಲಿಸಲು ವಾರಕ್ಕೊಮ್ಮೆ ಈ ಕೇರಿಗೆ ಬರುತ್ತಿದ್ದರು.

1893ರ ಮಾರ್ಚ್ ತಿಂಗಳ ಒಂದು ದಿನ ನಡೆದುದನ್ನು ಅವರೇ ತಮ್ಮ 1915ರ ಪುಸ್ತಕದಲ್ಲಿ ವಿವರಿಸಿದ್ದಾರೆ. ತುಂತುರು ಮಳೆ. ಅಂದಿನ ಪಾಠ ಹಾಸಿಗೆ ಹಾಸುವುದು ಹೇಗೆಂಬುದು. ಒಬ್ಬ ಪುಟ್ಟ ಹುಡುಗಿ ಬಂದು, ತಾಯಿಗೆ ಹುಷಾರಿಲ್ಲವೆಂದು ತೊದಲಿದಳು. ಪಾಠಕ್ಕೆಂದು ತಂದಿದ್ದ ಹಾಸುವಸ್ತ್ರಗಳನ್ನೇ ಎತ್ತಿಕೊಂಡು ವಾಲ್ಡ್ ಅವಳ ಹಿಂದೆ ನಡೆದರು. ಕಿತ್ತುಹೋದ ರಸ್ತೆ, ಕಸದ ರಾಶಿ, ಲಡ್ಲೋ ಬೀದಿಯ ಹಿಂದಿನ ಕಟ್ಟಡ, ಕೆಸರು ಮೆತ್ತಿದ ಮೆಟ್ಟಿಲು. ಮೇಲೆ ಎರಡೇ ಕೋಣೆ; ಏಳು ಜನರ ಸಂಸಾರ, ಮೇಲೆ ಬಾಡಿಗೆಗೆ ಮಲಗುವವರು. ಗಂಡ ಅಂಗವಿಕಲ, ಬೀದಿಯ ಮೂಲೆಯಲ್ಲಿ ನಿಂತು ಜನರ ಕರುಣೆಯನ್ನು ಬೇಡುತ್ತಿದ್ದವನು. ಹೆತ್ತು ಎರಡು ದಿನವಾಗಿದ್ದ ಬಾಣಂತಿ, ರಕ್ತಸ್ರಾವವಾಗಿ ಒಣಗಿದ ಕೊಳಕು ಹಾಸಿಗೆಯ ಮೇಲೆ ಮಲಗಿದ್ದಳು.

ವಾಲ್ಡ್ ಅವಳನ್ನು ತೊಳೆದು, ಹಾಸಿಗೆ ಬದಲಿಸಿ, ನೆಲ ಒರೆಸಿ, ಕೂಸನ್ನು ಮೀಯಿಸಿದರು. ಆ ದಿನದ ನಂತರ ಕಾಲೇಜಿನ ಕಡೆಗೆ ಮತ್ತೆ ಹೋಗಲಿಲ್ಲ. ಇಂಥ ಸ್ಥಿತಿ ಇರುವುದು ಜನರಿಗೆ ತಿಳಿಯದೆ ಇರುವುದರಿಂದ, ತಿಳಿದರೆ ಇದು ಇರಲಾರದು ಎಂದು ತಾವು ಆಗ ನಂಬಿದ್ದುದಾಗಿ ಅವರು ಬರೆದುಕೊಂಡಿದ್ದಾರೆ. ಇಪ್ಪತ್ತಾರರ ಹರೆಯದ ನಂಬಿಕೆ ಅದು. ನಮ್ಮ ನಾಡಿನಲ್ಲಿ ಬಾಣಂತಿಯ ಆರೈಕೆಗೆ ಇರುವ ಕಟ್ಟುಕಟ್ಟಳೆಗಳನ್ನು, ಎಣ್ಣೆ ನೀರು, ಬಿಸಿ ನೀರು, ಖಾರದ ಪಥ್ಯಗಳನ್ನು ಬಲ್ಲ ನನ್ನ ಸೋದರಿಯರು ಆ ಕೋಣೆಯ ನಿರ್ಗತಿಕತೆಯನ್ನು ನನಗಿಂತ ಚೆನ್ನಾಗಿ ಊಹಿಸಿಕೊಳ್ಳಬಲ್ಲರು. ತವರಿನಿಂದ ಸಾಗರದಾಚೆ ಬಂದಿದ್ದವಳಿಗೆ ನೀರು ಹಾಕಲು ಯಾರಿದ್ದರು?

ತರಬೇತಿಯ ದಿನಗಳ ಗೆಳತಿ ಮೇರಿ ಬ್ರೂಸ್ಟರ್ ಅವರೊಡನೆ ಸೇರಿ ವಾಲ್ಡ್ ಮಾಡಿದ ತೀರ್ಮಾನ ಸರಳವಾದುದು: ದಾದಿಯರಾಗಿ ಆ ಕೇರಿಯಲ್ಲಿ ಕೆಲಸ ಮಾಡಬೇಕು, ಕೆಲಸ ಮುಗಿಸಿ ಬೇರೆಲ್ಲಿಗೋ ಹಿಂತಿರುಗದೆ ಅಲ್ಲಿಯೇ ವಾಸ ಮಾಡಬೇಕು. ಕೆಲವು ವಾರ ರಿವಿಂಗ್ಟನ್ ಬೀದಿಯ ಕಾಲೇಜ್ ಸೆಟ್ಲ್‌ಮೆಂಟಿನಲ್ಲಿದ್ದು, ಅನಂತರ ಜೆಫರ್ಸನ್ ಬೀದಿಯ ಒಂದು ಟೆನೆಮೆಂಟಿನ ತುತ್ತತುದಿಯ ಅಂತಸ್ತಿನಲ್ಲಿ ಮನೆ ಹಿಡಿದರು. ಶ್ರೀಮಂತೆ ಬೆಟ್ಟಿ ಲೋಬ್ ಮತ್ತು ಅವರ ಅಳಿಯ, ಹೆಸರಾಂತ ಬ್ಯಾಂಕರ್ ಜೇಕಬ್ ಶಿಫ್ ಖರ್ಚು ವಹಿಸಿಕೊಂಡರು. ನಗರದ ಆರೋಗ್ಯ ಮಂಡಳಿ ಇಬ್ಬರಿಗೂ ಒಂದು ಬಿಲ್ಲೆಯನ್ನು ಕೊಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತವಾಗಿ, ಕೇರಿಯಲ್ಲಿ ಕೆಲಸ ಕಳೆದುಕೊಂಡವರು ತುಂಬಿಹೋದರು. ವಾಲ್ಡ್ ತಿಂಗಳು ತಿಂಗಳೂ ಶಿಫ್ ಅವರಿಗೆ ಬರೆದ ವರದಿಗಳಲ್ಲಿ ಯಾವ ಮಗುವಿಗೆ ಹಾಲು ಒದಗಿಸಲಾಯಿತು, ಯಾರಿಗೆ ಕೆಲಸ ಹುಡುಕಲಾಯಿತು ಎಂಬ ಸಣ್ಣಪುಟ್ಟ ವಿವರಗಳೇ ಹೆಚ್ಚು.

1895ರಲ್ಲಿ ಶಿಫ್ ಅವರು ಹೆನ್ರಿ ಬೀದಿಯ 265ನೆಯ ಸಂಖ್ಯೆಯ ಮನೆಯನ್ನು ಕೊಂಡು ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಅದು ಮುಂದೆ ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್ ಎಂದು ಪ್ರಸಿದ್ಧವಾಯಿತು. ಸೆಟ್ಲ್‌ಮೆಂಟ್ ಎಂದರೆ ಆಶ್ರಮವಲ್ಲ, ಧರ್ಮಛತ್ರವೂ ಅಲ್ಲ. ಓದುಬರಹ ಬಲ್ಲವರು ಬಡವರ ಕೇರಿಯಲ್ಲಿ ಮನೆ ಮಾಡಿ ನೆರೆಯವರಾಗಿ ಬಾಳುವ ಒಂದು ಪ್ರಯೋಗ. ಲಂಡನ್ನಿನಲ್ಲಿ 1884ರಲ್ಲಿ ಆರಂಭವಾದ ಟಾಯ್ನ್‌ಬಿ ಹಾಲ್ ಇದರ ಮಾತೃಕೆ. ಷಿಕಾಗೋದಲ್ಲಿ ಜೇನ್ ಆಡಮ್ಸ್ ಅವರ ಹಲ್ ಹೌಸ್ 1889ರಲ್ಲಿ ಬಂದಿತ್ತು.

ಹೆನ್ರಿ ಬೀದಿಯವರ ವಿಶೇಷವಿದ್ದುದು ಅವರು ಇಟ್ಟುಕೊಂಡ ಕೆಲವು ನಿಯಮಗಳಲ್ಲಿ ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯರು ಸಾಮಾನ್ಯವಾಗಿ ಯಾವುದಾದರೂ ಚರ್ಚಿಗೋ ದಾನಸಂಸ್ಥೆಗೋ ಅಥವಾ ವೈದ್ಯರಿಗೋ ಅಧೀನರಾಗಿರುತ್ತಿದ್ದರು. ಅವರು ಕಳುಹಿಸಿದ ಮನೆಗೆ ಮಾತ್ರ ಹೋಗುತ್ತಿದ್ದರು. ಇಲ್ಲಿ ಕರೆ ಯಾರಿಂದಲಾದರೂ ಬರಬಹುದಿತ್ತು. ರೋಗಿಯೇ ಹೇಳಿಕಳುಹಿಸಬಹುದು, ಪಕ್ಕದ ಮನೆಯ ಹೆಂಗಸು ಓಡಿಬರಬಹುದು, ಬೀದಿಯಲ್ಲಿ ಆಡುವ ಹುಡುಗನೊಬ್ಬ ಸೆರಗು ಹಿಡಿದೆಳೆಯಬಹುದು. ಮತವನ್ನು ಕೇಳುತ್ತಿರಲಿಲ್ಲ. ಶುಲ್ಕ ಕೊಡಬಲ್ಲವರು ಹತ್ತರಿಂದ ಇಪ್ಪತ್ತೈದು ಸೆಂಟಿನವರೆಗೆ ಕೊಡುತ್ತಿದ್ದರು, ಇಲ್ಲದವರು ಇಲ್ಲ. ಈ ಚಿಲ್ಲರೆ ಹಣದಿಂದ ಸಂಸ್ಥೆ ನಡೆಯುತ್ತಿತ್ತೆಂದಲ್ಲ. ಕೈಯೊಡ್ಡಿ ಪಡೆಯುವುದಕ್ಕೂ ಕೊಟ್ಟು ಪಡೆಯುವುದಕ್ಕೂ ಬಹಳ ಅಂತರವಿದೆಯೆಂಬುದನ್ನು ಅವರು ಅರಿತಿದ್ದರು. ಮಧ್ಯಾಹ್ನದ ಊಟಕ್ಕೆಂದು ಸಾಲಾಗಿ ಕುಳಿತ ಮಕ್ಕಳಲ್ಲಿ ತಟ್ಟೆಯನ್ನು ಮರೆಮಾಡಿಕೊಂಡು ಉಣ್ಣುವ ಒಂದೆರಡು ಮಕ್ಕಳನ್ನು ನೋಡಿದ ಶಿಕ್ಷಕರೆಲ್ಲರೂ ಇದನ್ನು ಬಲ್ಲರು.

ದಾದಿಯರ ನಡಿಗೆಯೂ ಒಂದು ದೃಶ್ಯವೇ. ಐದಾರು ಅಂತಸ್ತು ಇಳಿದು ಮತ್ತೆ ಅಷ್ಟೇ ಹತ್ತುವುದರ ಬದಲು ಅವರು ಚೀಲ ಹಿಡಿದು ಒಂದು ಮನೆಯ ಮಾಳಿಗೆಯಿಂದ ಮುಂದಿನ ಮನೆಯ ಮಾಳಿಗೆಗೆ ದಾಟುತ್ತಿದ್ದರು. 1908ರಲ್ಲಿ ಜೆಸ್ಸಿ ಟಾರ್ಬಾಕ್ಸ್ ಬೀಲ್ಸ್ ಎಂಬ ಛಾಯಾಗ್ರಾಹಕಿ ತೆಗೆದ ಅಂಥದೊಂದು ಚಿತ್ರ ಬಹು ಪ್ರಸಿದ್ಧವಾಗಿದೆ. ಉದ್ದನೆಯ ಲಂಗ, ತಲೆಗೆ ಟೋಪಿ, ಕೈಯಲ್ಲಿ ಕಪ್ಪು ಚೀಲ, ನಡುವಿನ ಗೋಡೆಯ ಮೇಲೆ ಒಂದು ಕಾಲು. ಇಂಥ ದಾದಿಯರನ್ನು ಕರೆಯಲು ಸಾರ್ವಜನಿಕ ಆರೋಗ್ಯ ದಾದಿ ಎಂಬ ಹೆಸರನ್ನು ಬಳಕೆಗೆ ತಂದವರು ವಾಲ್ಡ್ ಅವರೇ. 1893ರಲ್ಲಿ ಇಬ್ಬರಿದ್ದ ದಾದಿಯರು 1913ರ ವೇಳೆಗೆ 92 ಮಂದಿಯಾಗಿ, ವರ್ಷಕ್ಕೆ 2,00,000 ಬಾರಿ ಮನೆಗಳಿಗೆ ಭೇಟಿ ಕೊಡುತ್ತಿದ್ದರು.

ಇನ್ನು ಶಾಲೆಯ ವಿಷಯ. ನನಗೆ ಈ ಚರಿತ್ರೆಯಲ್ಲಿ ಬಹಳ ಪ್ರಿಯವಾದ ಭಾಗವಿದು. ಸ್ವಲ್ಪ ವಿಸ್ತಾರವಾದರೆ ಕ್ಷಮೆಯಿರಲಿ.

ನ್ಯೂಯಾರ್ಕ್ ನಗರ 1897ರಲ್ಲಿ ಶಾಲೆಗಳಿಗೆ ವೈದ್ಯರನ್ನು ನೇಮಿಸಿತು. ದಿನಕ್ಕೆ ಸ್ವಲ್ಪ ಹೊತ್ತು ಬಂದು, ಶಿಕ್ಷಕರು ತೋರಿಸಿದ ಮಕ್ಕಳನ್ನು ನೋಡಿ, ಅಂಟುರೋಗವಿದ್ದವರನ್ನು ಮನೆಗೆ ಕಳುಹಿಸುವುದು ಅವರ ಕೆಲಸ. ಉದ್ದೇಶ ಒಳ್ಳೆಯದು. 1902ರಲ್ಲಿ ತಪಾಸಣೆ ಇನ್ನಷ್ಟು ಬಿಗಿಯಾಯಿತು. ಕಣ್ಣಿನ ರೆಪ್ಪೆ ಮಗುಚಿ ಟ್ರಕೋಮ ಇದೆಯೇ ಎಂದು ನೋಡತೊಡಗಿದರು. ಕಣ್ಣುಬೇನೆ, ತಲೆಯಲ್ಲಿ ಹೇನು, ಹುಳುಕಡ್ಡಿ, ಕಜ್ಜಿ ಇವುಗಳಲ್ಲಿ ಯಾವುದು ಕಂಡರೂ ಮಗುವಿನ ಕೈಗೆ ಒಂದು ಚೀಟಿ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ರೋಗ ಪತ್ತೆಯಾಯಿತು, ಶಾಲೆ ಶುದ್ಧವಾಯಿತು. ಮಗುವಿನ ಗತಿ?

ಚೀಟಿ ಇಂಗ್ಲಿಷಿನಲ್ಲಿ, ತಾಯಿಗೆ ಓದಲು ಬಾರದು. ಓದಿಸಿಕೊಂಡರೂ ಏನು ಮಾಡಬೇಕೆಂಬುದು ತಿಳಿಯದು. ಮಗು ಮನೆಯಲ್ಲಿ ಉಳಿಯುತ್ತದೆ, ಅಥವಾ ಬೀದಿಯಲ್ಲಿ ಆಡುತ್ತದೆ. ಸಂಜೆ ಶಾಲೆ ಬಿಟ್ಟೊಡನೆ ಅದೇ ಸಹಪಾಠಿಗಳು ಬಂದು ಅದರೊಡನೆಯೇ ಕುಣಿಯುತ್ತಾರೆ. ಬೆಳಿಗ್ಗೆ ತರಗತಿಯಲ್ಲಿ ಹರಡಬಾರದೆಂದು ತಡೆದ ರೋಗ ಸಂಜೆ ಬೀದಿಯಲ್ಲಿ ಹರಡುತ್ತದೆ! ಇತ್ತ ಒಂದು ವಾರ ಎರಡು ವಾರವಾಗಿ, ಎರಡು ವಾರ ಎರಡು ತಿಂಗಳಾಗುತ್ತದೆ. ಹಿಂದೆ ಬಿದ್ದ ಮಗುವಿಗೆ ಪಾಠ ತಿಳಿಯುವುದಿಲ್ಲ. ದುಡಿಯುವ ವಯಸ್ಸು ಬರುತ್ತಲೇ ಹೊಲಿಗೆಯ ಕೆಲಸಕ್ಕೆ ಹೋಗುತ್ತದೆ. ವಾಲ್ಡ್ ಅವರು ಕಂಡ ಒಬ್ಬ ಹುಡುಗನಿಗೆ ಹನ್ನೆರಡು ವರ್ಷವಾಗಿದ್ದರೂ ಶಾಲೆಯ ಮುಖವನ್ನೇ ಕಂಡಿರಲಿಲ್ಲ. ತಲೆಯ ಮೇಲೊಂದು ಚರ್ಮರೋಗವಿತ್ತೆಂಬುದೇ ಕಾರಣ. ತಾಯಿ ಅವನನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತಲೇ ಇದ್ದಳು. ಕೊಟ್ಟ ಮುಲಾಮನ್ನು ಹೇಗೆ ಹಚ್ಚಬೇಕೆಂದು ಅವಳ ಎದುರಿಗೆ ಕುಳಿತು ತೋರಿಸಿದವರು ಯಾರೂ ಇರಲಿಲ್ಲ. ವಾಲ್ಡ್ ತೋರಿಸಿದರು, ತಲೆ ವಾಸಿಯಾಯಿತು, ಹುಡುಗ ಶಾಲೆ ಸೇರಿದ. ಇಂಥ ಮಕ್ಕಳ ಲೆಕ್ಕವನ್ನು ಅವರು ಅಂದಿನಿಂದಲೇ ಬರೆದಿಟ್ಟುಕೊಂಡು ಬಂದಿದ್ದರು.

ಆರೋಗ್ಯ ಕಮಿಷನರ್ ಅರ್ನ್‌ಸ್ಟ್ ಲೆಡರ್ಲೆ ಅವರ ಬಳಿಗೆ ಹೋಗಿ ವಾಲ್ಡ್ ಒಂದು ತಿಂಗಳ ಪ್ರಯೋಗಕ್ಕೆ ತಮ್ಮ ದಾದಿಯೊಬ್ಬರನ್ನು ಕೊಡುವುದಾಗಿ ಹೇಳಿದರು. ಫಲ ಕಂಡರೆ ಮುಂದೆ ನಗರವೇ ಸಂಬಳ ಕೊಟ್ಟು ನಡೆಸಬೇಕೆಂಬುದು ಅವರ ಷರತ್ತು. ಹೀಗೆ 1902ರ ಅಕ್ಟೋಬರಿನಲ್ಲಿ ಲೈನಾ ರಾಜರ್ಸ್ ಶಾಲೆಗೆ ಬಂದರು. ಕೆನಡಾ ದೇಶದವರು; ಟೊರಾಂಟೋದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಾದವರು. ಹೆಚ್ಚು ಮಕ್ಕಳು ಹೊರಗೆ ಹೋಗುತ್ತಿದ್ದ ನಾಲ್ಕು ಶಾಲೆಗಳನ್ನು, ಒಟ್ಟು ಸುಮಾರು 10,000 ಮಕ್ಕಳನ್ನು, ಅವರೊಬ್ಬರಿಗೇ ಒಪ್ಪಿಸಲಾಯಿತು.

ಅವರ ಕ್ರಮವಿಷ್ಟೇ. ಬೆಳಿಗ್ಗೆ ಒಂದೊಂದು ಶಾಲೆಗೂ ಹೋಗುವುದು. ವೈದ್ಯರು ಗುರುತಿಸಿದ ಮಕ್ಕಳಲ್ಲಿ ಯಾರ ಹುಣ್ಣನ್ನು ತೊಳೆದು ಮುಲಾಮು ಹಚ್ಚಿ ಪಟ್ಟಿ ಕಟ್ಟಿದರೆ ಸಾಕೋ ಅವರಿಗೆ ಅಲ್ಲಿಯೇ ಅದನ್ನು ಮಾಡಿ ತರಗತಿಗೆ ಹಿಂದಕ್ಕೆ ಕಳುಹಿಸುವುದು. ಮನೆಯಲ್ಲಿಯೇ ಇರಬೇಕಾದವರ ವಿಳಾಸ ಬರೆದುಕೊಂಡು ಮಧ್ಯಾಹ್ನದ ಮೇಲೆ ಮೆಟ್ಟಿಲು ಹತ್ತುವುದು. ತಾಯಿಯ ಪಕ್ಕದಲ್ಲಿ ಕುಳಿತು ಹೇನು ತೆಗೆಯುವುದನ್ನು, ಕಣ್ಣು ತೊಳೆಯುವುದನ್ನು ಕೈಯಾರೆ ಮಾಡಿ ತೋರಿಸುವುದು. ಮಗು ಯಾವ ದಿನ ಶಾಲೆಗೆ ಹಿಂತಿರುಗಬಹುದೆಂದು ಹೇಳಿಬರುವುದು. ಆ ಒಂದು ತಿಂಗಳಿನಲ್ಲಿ ಅವರು ನೀಡಿದ ಚಿಕಿತ್ಸೆಗಳು 893. ಹೋದ ಮನೆಗಳು 137. ಅದುವರೆಗೆ ಯಾವ ವೈದ್ಯಕೀಯ ನೆರವನ್ನೂ ಕಾಣದಿದ್ದ 25 ಮಕ್ಕಳು ಶಾಲೆಗೆ ಮರಳಿದರು.

ತಿಂಗಳು ಮುಗಿಯುತ್ತಲೇ ನಗರ ಇನ್ನೂ ಹನ್ನೆರಡು ದಾದಿಯರನ್ನು ನೇಮಿಸಿತು. ಮುಂದಿನ ಸೆಪ್ಟೆಂಬರಿನ ಅಂಕಿಯನ್ನು ನೀವಾಗಲೇ ನೋಡಿದ್ದೀರಿ. ಅಮೆರಿಕದಲ್ಲಿ ಸರ್ಕಾರಿ ಸಂಬಳದ ಶಾಲಾ ದಾದಿಯ ಹುದ್ದೆ ಹುಟ್ಟಿದ್ದು ಹೀಗೆ. ರೋಗ ಕಂಡುಹಿಡಿದ ವೈದ್ಯರ ಪಾಲನ್ನು ಕಡಿಮೆ ಮಾಡಿ ನಾನು ಹೇಳುತ್ತಿಲ್ಲ. ನಾನು ಕೆಲಸ ಮಾಡಿದ ಕಾಲದಲ್ಲಿಯೂ ಶಾಲೆಗಳಿಗೆ ವರ್ಷಕ್ಕೊಮ್ಮೆ ವೈದ್ಯರು ಬಂದು ಎತ್ತರ, ತೂಕ, ಹಲ್ಲು, ಕಣ್ಣುಗಳನ್ನು ನೋಡಿ ಕಾರ್ಡು ತುಂಬಿಸಿ ಹೋಗುತ್ತಿದ್ದರು. ಕಾರ್ಡು ಬೀರು ಸೇರುತ್ತಿತ್ತು. ಕನ್ನಡಕ ಬೇಕೆಂದು ಬರೆದಿದ್ದ ಹುಡುಗ ಮುಂದಿನ ವರ್ಷವೂ ಕಪ್ಪುಹಲಗೆಯ ಮುಂದೆ ಕಣ್ಣು ಕಿರಿದುಮಾಡಿಕೊಂಡೇ ಕುಳಿತಿರುತ್ತಿದ್ದನು.

ಹೆನ್ರಿ ಬೀದಿಯ ಮನೆಗೆ ಶಾಲೆಯ ನಂಟು ಇನ್ನೊಂದೂ ಇದೆ. ಆ ಮನೆಯ ನಿವಾಸಿ ಎಲಿಜಬೆತ್ ಫ್ಯಾರೆಲ್ ಎಂಬ ಶಿಕ್ಷಕಿ ಅದೇ ಬೀದಿಯ ಶಾಲೆಯಲ್ಲಿ 1899ರಲ್ಲಿ, ಸಾಮಾನ್ಯ ತರಗತಿಗಳಲ್ಲಿ ನಿಲ್ಲಲಾರದ ಮಕ್ಕಳಿಗಾಗಿ ವಿಶೇಷ ತರಗತಿಯೊಂದನ್ನು ಆರಂಭಿಸಿದರು. ಅವರ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಹಿತ್ತಿಲುಗಳ ನಡುವಿನ ಬೇಲಿ ಕಿತ್ತು ಮಕ್ಕಳಿಗೆ ಆಟದ ಬಯಲು ಮಾಡಿದ್ದೂ ಇವರೇ. ಇಂಥ ಒತ್ತಾಯಗಳ ಫಲವಾಗಿ 1903ರಲ್ಲಿ ಹತ್ತಿರದ ಸೀವರ್ಡ್ ಪಾರ್ಕಿನಲ್ಲಿ ನಗರವೇ ಆಟದ ಮೈದಾನವನ್ನು ತೆರೆಯಿತು.

ಮನೆಯಲ್ಲಿಯೇ ಮಾಡುವ ಆರೈಕೆ ಬಡವರಿಗೆಂದು ಒದಗಿಸಿದ ಎರಡನೆಯ ದರ್ಜೆಯ ಚಿಕಿತ್ಸೆಯೆಂದು ಕೆಲವರು ತಿಳಿದಿದ್ದರು. ವಾಲ್ಡ್ ಇದಕ್ಕೆ ಅಂಕಿಗಳಲ್ಲಿಯೇ ಉತ್ತರಿಸಿದರು. 1914ರಲ್ಲಿ ಅವರ ದಾದಿಯರು ಮನೆಗಳಲ್ಲಿ ನೋಡಿಕೊಂಡ ನ್ಯುಮೋನಿಯಾ ರೋಗಿಗಳು 3,535. ಸಾವು ಶೇಕಡ 8.05. ಅದೇ ಅವಧಿಯಲ್ಲಿ ನಗರದ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿ 1,612 ರೋಗಿಗಳು. ಸಾವು ಶೇಕಡ 31.2. ಗಂಭೀರ ಸ್ಥಿತಿಯವರು ಆಸ್ಪತ್ರೆಗೆ ಹೆಚ್ಚಾಗಿ ಹೋಗುತ್ತಾರಾದ್ದರಿಂದ ಈ ಹೋಲಿಕೆಯನ್ನು ಪೂರ್ತಿ ಒಪ್ಪಲಾಗದು. ಔಷಧವೇ ಇಲ್ಲದ ಆ ಕಾಲದಲ್ಲಿ ಶುಶ್ರೂಷೆಗೆ ಎಷ್ಟು ಬೆಲೆಯಿತ್ತೆಂಬುದನ್ನಾದರೂ ಅದು ತೋರಿಸುತ್ತದೆ.

ಆದರೆ ಎಲ್ಲರಿಗೂ ಸಮಾನವೆಂದರೆ ಎಲ್ಲರಿಗೂ ಎಂದೇ? ಅಮೆರಿಕದಲ್ಲಿ ಈ ಪ್ರಶ್ನೆ ಬಣ್ಣದ ಗೆರೆಯ ಬಳಿ ಬಂದು ನಿಲ್ಲುತ್ತದೆ. 1906ರಲ್ಲಿ ವಾಲ್ಡ್ ಅವರು ಎಲಿಜಬೆತ್ ಟೈಲರ್ ಎಂಬ ಕಪ್ಪು ದಾದಿಯನ್ನು ನೇಮಿಸಿಕೊಂಡರು. ವಾಷಿಂಗ್ಟನ್ನಿನ ಫ್ರೀಡ್‌ಮನ್ಸ್ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಲೋವರ್ ಈಸ್ಟ್ ಸೈಡಿನಲ್ಲಿ ಆಗ ಕಪ್ಪು ಜನರು ವಿರಳ. ಮ್ಯಾನ್‌ಹಟನ್ನಿನ ಪಶ್ಚಿಮಕ್ಕಿದ್ದ ಸಾನ್ ವಾನ್ ಹಿಲ್ ಎಂಬ ಕೇರಿಯಲ್ಲಿ ಅವರು ದಟ್ಟವಾಗಿದ್ದರು. ಟೈಲರ್ ಅಲ್ಲಿಗೆ ಹೋಗಿ, ವಠಾರಗಳ ಕಾವಲುಗಾರರನ್ನು ಮಾತನಾಡಿಸಿ, ಯಾರ ಮನೆಯಲ್ಲಿ ರೋಗಿಗಳಿದ್ದಾರೆಂದು ಕೇಳಿ ತಿಳಿದು, ಬಾಗಿಲು ತಟ್ಟಿದರು. ಅದರಿಂದ ಸ್ಟಿಲ್‌ಮನ್ ಹೌಸ್ ಎಂಬ ಶಾಖೆ ಬೆಳೆಯಿತು. ಕಪ್ಪು ದಾದಿಯರಿಗೂ ಬಿಳಿಯ ದಾದಿಯರಿಗೂ ಒಂದೇ ಸಂಬಳ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಅವರನ್ನು ಕಳುಹಿಸುತ್ತಿದ್ದುದು ಕಪ್ಪು ರೋಗಿಗಳ ಮನೆಗೆ ಮಾತ್ರ. ಬಿಳಿಯ ರೋಗಿಯ ನಾಡಿಯನ್ನು ಕಪ್ಪು ಕೈ ಹಿಡಿಯುವ ವ್ಯವಸ್ಥೆಯನ್ನು ಹೆನ್ರಿ ಬೀದಿಯವರೂ ಆಗ ಮಾಡಲಿಲ್ಲ. ವಾಲ್ಡ್ ಅವರನ್ನು ಹೊಗಳಿ ಬರೆದವರು ಈ ಗೆರೆಯನ್ನು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ.

ಅದೇ ಮನೆಯಲ್ಲಿ ನಡೆದ ಒಂದು ಊಟದ ಸಂಗತಿಯನ್ನೂ ಹೇಳಬೇಕು. 1909ರ ಬೇಸಿಗೆಯ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ನ್ಯಾಷನಲ್ ನೀಗ್ರೋ ಕಾನ್ಫರೆನ್ಸ್ ಸೇರಿತು. ಕಪ್ಪು ಜನರ ಹಕ್ಕುಗಳಿಗಾಗಿ ಇಂದಿಗೂ ದುಡಿಯುತ್ತಿರುವ ಎನ್.ಎ.ಎ.ಸಿ.ಪಿ. ಸಂಸ್ಥೆಯ ಬೀಜವದು. ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಂಥ ವಿದ್ವಾಂಸರು ಬಂದಿದ್ದರು. ಬಿಳಿಯರೂ ಕಪ್ಪುಜನರೂ ಒಟ್ಟಿಗೆ ಕುಳಿತು ಉಣ್ಣುವುದೆಂದರೆ ಪತ್ರಿಕೆಗಳಲ್ಲಿ ಗದ್ದಲವೆಬ್ಬಿಸುವ ವಿಷಯ. ವಾಲ್ಡ್ ತಮ್ಮ ಮನೆಗೆ ಎಲ್ಲರನ್ನೂ ಕರೆದರು. ಅತಿಥಿಗಳು ಎಷ್ಟಿದ್ದರೆಂದರೆ ಅಷ್ಟು ಜನಕ್ಕೆ ಕುಳಿತುಕೊಳ್ಳಲು ಸ್ಥಳವಿರಲಿಲ್ಲ. ಎಲ್ಲರೂ ನಿಂತೇ ಉಂಡರು. ನಿಂತು ಉಂಡದ್ದರಿಂದ ಸಹಪಂಕ್ತಿಯ ಆಕ್ಷೇಪವೂ ಸಡಿಲವಾಯಿತಂತೆ! ಪಂಕ್ತಿಭೇದದ ಸೂಕ್ಷ್ಮಗಳನ್ನು ಬಲ್ಲ ನಮ್ಮವರಿಗೆ ಈ ಜಾಣತನ ಚೆನ್ನಾಗಿಯೇ ಅರ್ಥವಾಗುತ್ತದೆ.

ಹಣದ ಮಾತು. ದಾನಿಗಳ ಮನಸ್ಸನ್ನೇ ನಂಬಿ ಇಷ್ಟು ದಾದಿಯರನ್ನು ಇಟ್ಟುಕೊಳ್ಳುವುದು ಕಷ್ಟ. 1909ರಲ್ಲಿ ವಾಲ್ಡ್ ಅವರು ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯ ಲೀ ಫ್ರಾಂಕೆಲ್ ಅವರನ್ನು ಒಪ್ಪಿಸಿದರು: ನಿಮ್ಮ ಬಡ ಪಾಲಿಸಿದಾರರು ಕಾಯಿಲೆ ಬಿದ್ದಾಗ ನಮ್ಮ ದಾದಿಯರು ನೋಡಿಕೊಳ್ಳಲಿ, ಖರ್ಚು ನೀವು ಕೊಡಿ, ಅವರು ಬದುಕಿದಷ್ಟೂ ದಿನ ಕಂಪನಿಗೂ ಲಾಭವೇ. ಲೆಕ್ಕ ಕಂಪನಿಗೆ ಹಿಡಿಸಿತು. ಯೋಜನೆ ದೇಶದ ಉದ್ದಗಲಕ್ಕೂ ಹರಡಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆದು, 1950ರ ದಶಕದ ಆರಂಭದಲ್ಲಿ ನಿಂತುಹೋಯಿತು. ಲಾಭದ ಲೆಕ್ಕದ ಮೇಲೆ ನಿಂತ ಸೇವೆಗೆ ಆ ಲೆಕ್ಕದಷ್ಟೇ ಆಯುಷ್ಯ. ಆದರೂ ಆ ನಾಲ್ಕು ದಶಕಗಳಲ್ಲಿ ಎಷ್ಟು ಮನೆಗಳ ಬಾಗಿಲಿಗೆ ದಾದಿ ಬಂದಳೆಂದು ನೆನೆದರೆ ಅದನ್ನು ಹಗುರವಾಗಿ ಕಾಣಲು ಮನಸ್ಸಾಗದು.

ಉಳಿದುದನ್ನು ಬೇಗನೆ ಹೇಳಿಬಿಡುತ್ತೇನೆ. ಮಕ್ಕಳ ಕ್ಷೇಮಕ್ಕಾಗಿ ಕೇಂದ್ರ ಸರ್ಕಾರದಲ್ಲಿಯೇ ಒಂದು ಇಲಾಖೆ ಬೇಕೆಂದು ವಾಲ್ಡ್ ಮತ್ತು ಅದೇ ಮನೆಯಲ್ಲಿ ಬಹುಕಾಲ ಇದ್ದ ಫ್ಲಾರೆನ್ಸ್ ಕೆಲ್ಲಿ ವರ್ಷಾನುಗಟ್ಟಲೆ ಹೋರಾಡಿದರು. 1912ರಲ್ಲಿ ಚಿಲ್ಡ್ರನ್ಸ್ ಬ್ಯೂರೋ ಸ್ಥಾಪನೆಯಾಗಿ ಜೂಲಿಯಾ ಲೇಥ್ರಪ್ ಅದರ ಮುಖ್ಯಸ್ಥೆಯಾದರು. ಮೊದಲ ಮಹಾಯುದ್ಧವನ್ನು ವಿರೋಧಿಸಿದ ವಾಲ್ಡ್ ಕೆಲವು ದಾನಿಗಳನ್ನು ಕಳೆದುಕೊಂಡರು. 1918ರ ಇನ್‌ಫ್ಲುಯೆಂಜಾ ಬಂದಾಗ ನಗರದ ದಾದಿಯರನ್ನೆಲ್ಲ ಒಗ್ಗೂಡಿಸುವ ಸಮಿತಿಗೆ ಮುಂದಾಳಾಗಿ ಮತ್ತೆ ಅವರೇ ಬೇಕಾದರು. 1933ರಲ್ಲಿ ನಿವೃತ್ತಿ, 1940ರ ಸೆಪ್ಟೆಂಬರ್ 1ರಂದು ಮರಣ. 1944ರಲ್ಲಿ ದಾದಿಯರ ಸೇವೆ ಹೆನ್ರಿ ಬೀದಿಯಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಯಾಯಿತು. ಲೈನಾ ರಾಜರ್ಸ್ ವಿವಾಹದ ನಂತರ ಲೈನಾ ರಾಜರ್ಸ್ ಸ್ಟ್ರಥರ್ಸ್ ಎಂಬ ಹೆಸರಿನಲ್ಲಿ, ಶಾಲಾ ದಾದಿಯ ಕೆಲಸವನ್ನು ಕುರಿತು 1917ರಲ್ಲಿ ಒಂದು ಪುಸ್ತಕ ಬರೆದರು.

ಹೆನ್ರಿ ಬೀದಿಯ ಮನೆ ಮಾತ್ರ ಈಗಲೂ ಇದೆ, ಸೆಟ್ಲ್‌ಮೆಂಟ್ ಕೂಡ ಕೆಲಸ ಮಾಡುತ್ತಿದೆ. ಯಿಡ್ಡಿಷ್ ಮಾತನಾಡುತ್ತಿದ್ದವರ ಮೊಮ್ಮಕ್ಕಳು ಎಂದೋ ಬೇರೆಡೆಗೆ ಹೋದರು. ಅವರ ಸ್ಥಳಕ್ಕೆ ಪೋರ್ಟೊರಿಕೋದವರು ಬಂದರು, ಚೀನೀಯರು ಬಂದರು. ಇಂದು ಆ ಬೀದಿಗಳಲ್ಲಿ ಸ್ಪ್ಯಾನಿಷ್, ಚೀನೀ ಭಾಷೆಗಳು ಕೇಳುತ್ತವೆ. 2018ರಲ್ಲಿ ಅಲ್ಲಿ ಈ ಚರಿತ್ರೆಯನ್ನು ಹೇಳುವ ಪ್ರದರ್ಶನವೊಂದನ್ನು ತೆರೆದರು. 1909ರಲ್ಲಿ ಅತಿಥಿಗಳು ನಿಂತು ಉಂಡ ಊಟದ ಕೋಣೆಯೂ ಹಾಗೆಯೇ ಉಳಿದಿದೆಯೆಂದು ಓದಿದ್ದೇನೆ. ನ್ಯೂಜೆರ್ಸಿಯ ಕಡೆಯಲ್ಲಿರುವ ನನ್ನ ವಿದ್ಯಾರ್ಥಿಗಳು ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬಂದು, ಆ ಕೋಣೆ ಎಷ್ಟು ದೊಡ್ಡದಿದೆಯೆಂದು ನನಗೆ ಎರಡು ಸಾಲು ಬರೆಯಬೇಕು.